ಫೈಬರ್ ಟ್ಯಾಂಕಿನ ತೇಪೆ ಕಿತ್ತು ಬರ್ತಿದೆಯಾ? ರೆಸಿನ್‌ಗೆ ಬೈಬೇಡಿ, ಉಜ್ಜಿದ್ದು ಸಾಲದು

ಬೆಳಗ್ಗೆ ಐದೂವರೆಗೆ ಶೆಡ್ಡಿಗೆ ಹೋದರೆ ಕಾಲಿಗೆ ನೀರು ತಾಗಿತು. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಮೀನುಮರಿ ಬಿಟ್ಟಿದ್ದ ಫೈಬರ್ ಟ್ಯಾಂಕಿನಲ್ಲಿ ಗೇಣುದ್ದ ನೀರೂ ಉಳಿದಿರಲಿಲ್ಲ. ಹಿಂದಿನ ವಾರ ನಾನೇ ಹಾಕಿದ್ದ ತೇಪೆ ಹಪ್ಪಳದ ಹಾಗೆ ಒಂದೇ ಹಾಳೆಯಾಗಿ ಎದ್ದು ಬಂದಿತ್ತು. ಕೃಷಿ ಹೊಂಡಕ್ಕೆ ಬಿಡಬೇಕಿದ್ದ ಕಾಟ್ಲಾ, ರೋಹು ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದವು.

ರೆಸಿನ್ ಕೊಟ್ಟ ಅಂಗಡಿಯವರ ಹತ್ತಿರ ಜಗಳ ಆಡಬೇಕು ಅಂತಲೇ ಹೊರಟಿದ್ದೆ. ದಾರಿಯಲ್ಲಿ ಟ್ರ್ಯಾಕ್ಟರ್ ಹುಡ್ ರಿಪೇರಿ ಮಾಡುವ ಮೇಸ್ತ್ರಿ ಸಿಕ್ಕರು. ಕಿತ್ತು ಬಂದ ತುಂಡನ್ನು ತಿರುವಿ, ಹಿಂಬದಿ ಸವರಿ ನೋಡಿ, "ಕನ್ನಡಿ ಥರ ಐತಲ್ಲಪ್ಪ, ಉಜ್ಜೇ ಇಲ್ವಾ?" ಅಂದರು. 220 ನಂಬರ್ ಪೇಪರಿನಲ್ಲಿ ಉಜ್ಜಿದ್ದೀನಿ ಅಂದೆ. "ಅದು ಬಣ್ಣಕ್ಕೆ ಉಜ್ಜೋ ಪೇಪರು" ಅಂತ ನಕ್ಕರು.

ವಿಷಯ ಇಷ್ಟೇ. ಹಳೇ ಫೈಬರ್ ಪೂರ್ತಿ ಗಟ್ಟಿಯಾಗಿರುತ್ತದೆ, ಹೊಸ ರೆಸಿನ್ ಅದರೊಳಗೆ ಕರಗಿ ಬೆರೆಯಲ್ಲ. ಗೀರುಗಳಲ್ಲಿ ಇಳಿದು ಕಚ್ಚಿಕೊಳ್ಳಬೇಕು. ಗೀರು ಆಳವಿಲ್ಲದಿದ್ದರೆ ಹಿಡಿತವೂ ಇಲ್ಲ. ಅದಕ್ಕೇ ಉಜ್ಜುವ ಕೆಲಸ ಎರಡು ಸಲ: ಮೊದಲು ಹಿಡಿತಕ್ಕೆ, ಕೊನೆಗೆ ನುಣುಪಿಗೆ. ನಾವೆಲ್ಲ ಎರಡನೆಯದಕ್ಕೆ ಬೆವರು ಸುರಿಸಿ ಮೊದಲನೆಯದನ್ನು ಐದು ನಿಮಿಷದಲ್ಲಿ ಮುಗಿಸುತ್ತೇವೆ.

ಉಜ್ಜುವ ಮುಂಚೆ ಟ್ಯಾಂಕ್ ತೊಳೆದು ಎರಡು ಮೂರು ದಿನ ಬಿಸಿಲಿಗೆ ಒಣಗಿಸಿ. ಆಮೇಲೆ ಅಸಿಟೋನ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಪಾಚಿ, ಜಿಡ್ಡು ಇದ್ದ ಹಾಗೇ ಉಜ್ಜಿದರೆ ಅದು ಗೀರಿನೊಳಗೆ ಸೇರಿಕೊಳ್ಳುತ್ತದೆ. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆಯಿರಿ, ಬಿರುಕು ಮುಂದೆ ಓಡುವುದಿಲ್ಲ.

ಈಗ ಗ್ರೈಂಡರ್‌ಗೆ 36 ಅಥವಾ 40 ನಂಬರ್ ಡಿಸ್ಕ್. ಹೊಳಪು ಪೂರ್ತಿ ಹೋಗಿ ಒಳಗಿನ ನಾರು ಕಾಣಬೇಕು. ಬಿರುಕಿನ ಹತ್ತಿರ ಆಳ, ಹೊರಗೆ ಹೋದಂತೆ ಕಡಿಮೆ, ಅಂದರೆ ತಟ್ಟೆಯ ಅಂಚಿನ ಹಾಗೆ ಇಳಿಜಾರು ಬರಲಿ. ಗೋಡೆ 4 ಮಿ.ಮೀ. ದಪ್ಪ ಇದ್ದರೆ ಇಳಿಜಾರು ಬಿರುಕಿನ ಪ್ರತಿ ಬದಿಗೂ ಸುಮಾರು 5 ಸೆಂ.ಮೀ. ಇರಲಿ, ಹೆಚ್ಚುಕಮ್ಮಿ ದಪ್ಪದ 12 ಪಟ್ಟು. ಉಜ್ಜಿದ ಜಾಗವನ್ನು ಕೈಯಿಂದ ಮುಟ್ಟಬೇಡಿ, ಬೆವರಿನ ಎಣ್ಣೆ ಸಾಕು ಕೆಡಿಸೋಕೆ.

ಧೂಳಿನ ಬಗ್ಗೆ ತಮಾಷೆ ಮಾಡಬೇಡಿ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಆಗಲ್ಲ, ಎನ್-95 ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಬೇಕೇ ಬೇಕು. ಮೈ ಕೆರೆದರೆ ಉಜ್ಜದೆ ತಣ್ಣೀರು ಸುರಿದುಕೊಳ್ಳಿ. ನಾನು ಬಿಸಿನೀರಲ್ಲಿ ತಿಕ್ಕಿ ಸ್ನಾನ ಮಾಡಿ ಎರಡು ರಾತ್ರಿ ಒದ್ದಾಡಿದ್ದೀನಿ.

ತೇಪೆಗೆ ಮ್ಯಾಟ್‌ನ ದೊಡ್ಡ ತುಂಡು ಮೊದಲು, ಅದರ ಮೇಲೆ ಚಿಕ್ಕವು. ಹೀಗಾದರೆ ಕೊನೆಗೆ ಉಜ್ಜುವಾಗ ಸವೆಯೋದು ಮೇಲಿನ ಚಿಕ್ಕ ಪದರಗಳು, ಟ್ಯಾಂಕಿಗೆ ಕಚ್ಚಿದ ದೊಡ್ಡ ಪದರ ಹಾಗೇ ಇರುತ್ತದೆ. 100 ಗ್ರಾಂ ರೆಸಿನ್‌ಗೆ ಹಾರ್ಡನರ್ 1ರಿಂದ 2 ಗ್ರಾಂ. ಅಂಗಡಿಯಲ್ಲಿ ಕೋಬಾಲ್ಟ್ ಬೇರೆ ಬಾಟಲಿಯಲ್ಲಿ ಕೊಟ್ಟರೆ ಅದನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಎರಡನ್ನೂ ನೇರವಾಗಿ ಸೇರಿಸಿದರೆ ಸಿಡಿಯಬಹುದು, ಬೆಂಕಿಯೂ ಹತ್ತಬಹುದು.

ಮಾರನೇ ದಿನ ತೇಪೆ ಗಟ್ಟಿಯಾಗಿದ್ದರೂ ಮೇಲ್ಮೈ ಅಂಟಂಟು ಅನ್ನಿಸಬಹುದು. ಗಾಳಿ ತಾಗಿದ ಪಾಲಿಯೆಸ್ಟರ್ ರೆಸಿನ್ ಹಾಗೇ. ಅಸಿಟೋನ್‌ನಲ್ಲಿ ಒರೆಸಿ ಉಜ್ಜಿ, ಇಲ್ಲದಿದ್ದರೆ ಪೇಪರ್ ಕಟ್ಟಿಕೊಳ್ಳುತ್ತದೆ. ಕೊನೇ ಪದರದ ಮೇಲೆ ಓಎಚ್‌ಪಿ ಹಾಳೆ ಒತ್ತಿ ಬಿಟ್ಟಿದ್ದರೆ ಈ ತಾಪತ್ರಯವೇ ಇರಲ್ಲ.

ಇನ್ನು ನುಣುಪು. 80ರಲ್ಲಿ ಮಟ್ಟ ಮಾಡಿ, ನಂತರ 120, 220. ಮಧ್ಯೆ ಒಂದನ್ನು ಹಾರಿಸಿದರೆ ಹಿಂದಿನ ಗೀರು ಹೋಗಲ್ಲ. ಪೇಪರನ್ನು ಬೆರಳಲ್ಲಿ ಹಿಡಿಯಬೇಡಿ, ಗುಂಡಿ ಬೀಳುತ್ತೆ. ಹಳೇ ಹವಾಯಿ ಚಪ್ಪಲಿ ತುಂಡಿಗೆ ಸುತ್ತಿಕೊಳ್ಳಿ. ಪೆನ್ಸಿಲ್‌ನಲ್ಲಿ ಅಡ್ಡಾದಿಡ್ಡಿ ಗೆರೆ ಎಳೆದು ಉಜ್ಜಿ: ಗೆರೆ ಉಳಿದ ಕಡೆ ತಗ್ಗು, ಬೇಗ ಅಳಿಸಿದ ಕಡೆ ಉಬ್ಬು. ತಗ್ಗಿಗೆ ಕಾರಿನ ಪುಟ್ಟಿ ಮೆತ್ತಬೇಡಿ, ಸದಾ ನೀರಲ್ಲಿದ್ದರೆ ಅದು ನೀರು ಹೀರಿ ಉಬ್ಬುತ್ತದೆ. ಇನ್ನೊಂದು ತೆಳು ಮ್ಯಾಟ್ ಹಾಕಿ.

ಮೇಲೆ ಜೆಲ್‌ಕೋಟ್ ಬೇಕೇ ಬೇಕು. ಬರೀ ನಾರು ಬಿಟ್ಟರೆ ಅದರ ಗುಂಟ ನೀರು ಒಳಗಿಳಿಯುತ್ತದೆ, ಮೀನಿನ ಮೈಯೂ ತರಚುತ್ತದೆ. ಒಣಗುವಾಗ ಇದಕ್ಕೂ ಅದೇ ಹಾಳೆ ಒತ್ತಿ. ಗಟ್ಟಿಯಾದ ಮೇಲೆ 400, 600 ವಾಟರ್ ಪೇಪರಿನಲ್ಲಿ ನೀರು ಹಾಕಿ ಕೈಯಲ್ಲೇ ಉಜ್ಜಿ. ನೀರಿರುವ ಕಡೆ ಕರೆಂಟಿನ ಗ್ರೈಂಡರ್ ತರಲೇಬೇಡಿ.

ಆಮೇಲೆ ಆತುರ ಬೇಡ. ರೆಸಿನ್ ವಾಸನೆ ಮೀನಿಗೆ ವಿಷ. ನಾನು ವಾರ ಬಿಸಿಲಿಗೆ ಬಿಟ್ಟು, ಮೂರು ಸಲ ನೀರು ತುಂಬಿ ಚೆಲ್ಲಿ, ಮೊದಲು ಹತ್ತೇ ಮರಿ ಬಿಟ್ಟು ಎರಡು ದಿನ ಕಾದೆ. ಈಗ ಆ ಟ್ಯಾಂಕಿನಲ್ಲಿ ಎರಡನೇ ಬ್ಯಾಚ್ ನಡೀತಿದೆ. ಕಣ್ಣುಮುಚ್ಚಿ ಸವರಿದರೆ ತೇಪೆ ಎಲ್ಲಿದೆ ಅಂತ ಗೊತ್ತಾಗಲ್ಲ. ಬಣ್ಣ ಮಾತ್ರ ಒಂಚೂರು ಬೇರೆ, ಅದನ್ನು ಹೊಂದಿಸೋದು ನನಗಿನ್ನೂ ಬಂದಿಲ್ಲ.