ಮುಹೂರ್ತದಿಂದ ಹಿಂದಕ್ಕೆ ಎಣಿಸುವವರು

ನಮ್ಮ ಮದುವೆಗಳಲ್ಲಿ ಗಡಿಯಾರಕ್ಕೆ ಮರ್ಯಾದೆ ಸಿಗುವುದು ಒಂದೇ ಹೊತ್ತಿನಲ್ಲಿ. ‘ಭಾನುವಾರ ಬೆಳಿಗ್ಗೆ 9.15ರಿಂದ 10.05ರವರೆಗೆ ಸಲ್ಲುವ ಶುಭ ಮಿಥುನ ಲಗ್ನದಲ್ಲಿ’ ಎಂದು ಪತ್ರಿಕೆಯಲ್ಲಿ ಅಚ್ಚಾಯಿತೆಂದರೆ ಆ ಐವತ್ತು ನಿಮಿಷ ಅತ್ತಿತ್ತ ಕದಲುವಂತಿಲ್ಲ. ಮಿಕ್ಕದ್ದು, ತಿಂಡಿ, ಕಾಶಿಯಾತ್ರೆ, ಊಟ, ಹೆಣ್ಣೊಪ್ಪಿಸುವುದು, ಎಲ್ಲವೂ ಆದಾಗ ಆಗುತ್ತದೆ. ಬಲ್ಲ ಫೋಟೊಗ್ರಾಫರ್ ಕ್ಯಾಮೆರಾಕ್ಕೂ ಮೊದಲು ಕೈಗೆತ್ತಿಕೊಳ್ಳುವುದು ಪತ್ರಿಕೆಯ ಈ ಸಾಲನ್ನು. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಹೋಗುತ್ತಾರೆ.

ಮೇ ತಿಂಗಳ ಮೊದಲ ವಾರ, ಬೆಂಗಳೂರು ಎಂದುಕೊಳ್ಳೋಣ. ಧಾರೆ 9.40ರ ಸುಮಾರಿಗೆ. ಅಂದರೆ ಅಂತರಪಟ ಹಿಡಿಯುವ ಹೊತ್ತಿಗೆ ಸೋದರಮಾವ ಹುಡುಗಿಯನ್ನು ಕರೆತಂದಿರಬೇಕು. ಅದಕ್ಕೆ ಮುಂಚೆ ಗೌರಿಪೂಜೆ, ಅದಕ್ಕೂ ಮುಂಚೆ ಕಾಶಿಯಾತ್ರೆ. ಮೊಗ್ಗಿನ ಜಡೆ, ಸೀರೆ, ಮೇಕಪ್ಪಿಗೆ ಎರಡೂವರೆ ತಾಸು ಬೇಕೇ ಬೇಕು. ಎಣಿಸಿಕೊಂಡು ಬಂದರೆ ಹುಡುಗಿ ನಾಲ್ಕೂವರೆಗೆ ಕನ್ನಡಿ ಮುಂದೆ ಕೂರಬೇಕು. ಹುಡುಗಿಯೊಬ್ಬಳದೇ ಚಿತ್ರಗಳಿಗೆ ಅರ್ಧ ಗಂಟೆ ಬೇಕೆಂದು ಫೋಟೊಗ್ರಾಫರ್ ಕೇಳಿದರೆ ಅದು ನಾಲ್ಕಾಗುತ್ತದೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ಆರತಕ್ಷತೆಯಲ್ಲಿ ನಿಂತವಳು ನಾಲ್ಕಕ್ಕೆ ಎದ್ದರೆ ಮುಖದಲ್ಲಿ ಏನು ಉಳಿದೀತು? ಹಾಗಾಗಿ ಅನುಭವಿಗಳು ಆ ಅರ್ಧ ಗಂಟೆಯನ್ನು ಬೆಳಗಿನಿಂದ ಕಿತ್ತು ಹಿಂದಿನ ಸಂಜೆಗೆ ಹಾಕುತ್ತಾರೆ.

ಹಿಂದಿನ ಸಂಜೆಯೇ ಯಾಕೆ ಎನ್ನುವುದಕ್ಕೆ ಬೆಳಕೂ ಕಾರಣ. ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಆ ಬಿಸಿಲಲ್ಲಿ ನಿಲ್ಲಿಸಿದರೆ ಕಣ್ಣಿನ ಗುಳಿಯಲ್ಲಿ ಕಪ್ಪು, ಮೂಗಿನ ಕೆಳಗೆ ನೆರಳಿನ ಮೀಸೆ. ಸೂರ್ಯ ಮುಳುಗುವುದು ಆರೂವರೆಯ ಆಸುಪಾಸು. ಐದೂವರೆಯಿಂದ ಆರೂಕಾಲರವರೆಗಿನ ಬೆಳಕು ಮೆದುವಾಗಿ ಓರೆಯಾಗಿ ಬೀಳುತ್ತದೆ. ನಮ್ಮ ಸೀಮೆಯಲ್ಲಿ ಅದು ಬಹಳ ಹೊತ್ತು ಕಾಯುವುದಿಲ್ಲ. ಆರತಕ್ಷತೆ ಏಳಕ್ಕೆ. ನಡುವಿನ ಮುಕ್ಕಾಲು ಗಂಟೆ ಜೋಡಿಗೆ ಬಿಟ್ಟುಕೊಟ್ಟರೆ ಆಲ್ಬಮ್ಮಿನ ಅರ್ಧ ಚಿಂತೆ ಅಲ್ಲೇ ತೀರುತ್ತದೆ. ‘ಧಾರೆಗೆ ಮುಂಚೆ ಒಟ್ಟಿಗೆ ಫೋಟೊನಾ?’ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಅದೇ ರಾತ್ರಿ ಮೂರು ತಾಸು ಅಕ್ಕಪಕ್ಕ ನಿಂತು ನಗುವವರ ನಡುವೆ ತಾನೇ ಬೆಳಿಗ್ಗೆ ನಾವು ಅಂತರಪಟ ಹಿಡಿಯುವುದು!

ಆರತಕ್ಷತೆಯ ಲೆಕ್ಕ ಬೇರೆ. ಎಂಟುನೂರು ಜನ ಬಂದು, ನಾಲ್ಕು ನಾಲ್ಕು ಜನರಾಗಿ ವೇದಿಕೆ ಹತ್ತಿದರೆ ಇನ್ನೂರು ಗುಂಪು. ಕೈಕುಲುಕಿ, ಉಡುಗೊರೆ ಕೊಟ್ಟು, ಕ್ಯಾಮೆರಾ ನೋಡಿ ಇಳಿಯಲು ನಲವತ್ತು ಸೆಕೆಂಡು ಸಾಕು ಎಂದರೂ ಎರಡು ಗಂಟೆ ಹದಿಮೂರು ನಿಮಿಷ. ಇದನ್ನು ಮೊದಲೇ ಹೇಳಿಬಿಡುವ ಫೋಟೊಗ್ರಾಫರ್ ದೊಡ್ಡ ಉಪಕಾರಿ. ಎಡಗಡೆಯಿಂದ ಹತ್ತಿಸಿ ಬಲಗಡೆ ಊಟದ ಮನೆಯತ್ತ ಇಳಿಸುವುದು, ಎಂಟೂಕಾಲಿಗೆ ಸಾಲು ತಡೆದು ಹತ್ತು ನಿಮಿಷ ಗಂಡುಹೆಣ್ಣನ್ನು ಕೂರಿಸಿ ನೀರು ಕೊಡುವುದು, ಇದೆಲ್ಲ ಅವರ ಪಟ್ಟಿಯಲ್ಲಿರುತ್ತದೆ. ಆ ಹತ್ತು ನಿಮಿಷದ ಬೆಲೆ ಒಂಬತ್ತೂವರೆಯ ಚಿತ್ರಗಳಲ್ಲಿ ಗೊತ್ತಾಗುತ್ತದೆ.

ಇನ್ನು ಮುಹೂರ್ತ. ಇಲ್ಲಿ ಫೋಟೊಗ್ರಾಫರ್ ಏನನ್ನೂ ನಡೆಸುವಂತಿಲ್ಲ, ತಾನು ಎಲ್ಲಿರಬೇಕೆಂದು ತಿಳಿದಿರಬೇಕು ಅಷ್ಟೆ. ಅಂತರಪಟ ಸರಿದು ಜೀರಿಗೆ ಬೆಲ್ಲ ತಲೆ ಮೇಲೆ ಬೀಳುವುದಕ್ಕೆ ಹಿಡಿಯುವುದು ಕೆಲವೇ ಕ್ಷಣ. ಹುಡುಗಿಯ ಮುಖಕ್ಕೊಂದು ಕ್ಯಾಮೆರಾ, ಹುಡುಗನ ಮುಖಕ್ಕೊಂದು. ತಾಳಿ ಕಟ್ಟುವಾಗ ಗಟ್ಟಿಮೇಳ ಮೊಳಗಿದ್ದೇ ತಡ, ಅಕ್ಷತೆ ಹಿಡಿದ ನೂರು ಕೈ ಅಡ್ಡ ಬರುತ್ತವೆ. ಅದಕ್ಕೇ ಜಾಣರು ಬೆಳಿಗ್ಗೆಯೇ ಪುರೋಹಿತರ ಬಳಿ ಹೋಗಿ, ತಾವು ಯಾವ ಕಡೆ ಕೂರುತ್ತೀರಿ, ಧಾರೆ ಎರೆಯುವಾಗ ಹುಡುಗಿಯ ತಂದೆ ತಾಯಿ ಎಲ್ಲಿ ನಿಲ್ಲುತ್ತಾರೆ ಎಂದು ಕೇಳಿಕೊಂಡಿರುತ್ತಾರೆ. ಹೀಗೆ ಕೇಳಿದವರಿಗೆ ಪುರೋಹಿತರೇ ‘ಸ್ವಲ್ಪ ಸರೀರಪ್ಪ, ಅವರಿಗೆ ಕಾಣಲಿ’ ಎಂದು ಜಾಗ ಬಿಡಿಸಿಕೊಡುವುದುಂಟು. ಕೇಳದೇ ಬಂದು, ಕಟ್ಟಿದ ತಾಳಿಯನ್ನು ಮತ್ತೊಮ್ಮೆ ಹಿಡಿದು ತೋರಿಸಿ ಎನ್ನುವವರಿಗೆ ಯಾವ ಕ್ಯಾಮೆರಾ ಕೊಟ್ಟರೂ ಅಷ್ಟೆ.

ರೋಲಿನ ಕಾಲದವರಿಗೆ ಈ ಶಿಸ್ತು ತಾನಾಗಿ ಬಂದಿತ್ತು. 120ರ ಫಿಲ್ಮಿನಲ್ಲಿ ಚೌಕ ಚಿತ್ರ ಹನ್ನೆರಡೇ. ಹತ್ತನೆಯದಕ್ಕೇ ನಿಲ್ಲಿಸಿ, ಎರಡು ಹೋದರೆ ಹೋಗಲಿ ಎಂದು ಗಟ್ಟಿಮೇಳಕ್ಕೆ ಮೊದಲೇ ಹೊಸ ರೋಲು ಹಾಕಿಕೊಳ್ಳುತ್ತಿದ್ದರು.

ಎಲ್ಲವನ್ನೂ ನಿಮಿಷಕ್ಕೆ ಕಟ್ಟಲಾಗದು ಎನ್ನುವುದನ್ನು ಕೊಡಗಿನ ಮದುವೆಗೆ ಹೋದವರು ಬಲ್ಲರು. ಗಂಗಾಪೂಜೆ ಮುಗಿಸಿ ಬಿಂದಿಗೆ ಹೊತ್ತು ಬರುವ ಮದುಮಗಳ ದಾರಿಗೆ ಗಂಡಿನ ಕಡೆಯವರು ಅಡ್ಡ ನಿಂತು ವಾಲಗಕ್ಕೆ ಕುಣಿಯುತ್ತಾರೆ. ಅವರು ದಾರಿ ಬಿಟ್ಟಾಗಲೇ ಮುಂದಿನ ಹೆಜ್ಜೆ. ಅದು ತಾಸುಗಟ್ಟಲೆ ಆಗಬಹುದು. ತಡ ಮಾಡುವುದೇ ಅಲ್ಲಿ ಶಾಸ್ತ್ರ. ಅಲ್ಲಿ ಕೆಲಸ ಮಾಡುವವರು ಪಟ್ಟಿಯಲ್ಲಿ ಗಂಗಾಪೂಜೆಯ ಮುಂದೆ ಮುಗಿಯುವ ಹೊತ್ತನ್ನು ಬರೆಯುವುದಿಲ್ಲ, ಬಿಡಿ ಬ್ಯಾಟರಿ ಒಂದೆರಡು ಹೆಚ್ಚು ಇಟ್ಟುಕೊಳ್ಳುತ್ತಾರೆ.

ನೆಮ್ಮದಿ ಕೆಡುವುದು ಹೆಚ್ಚಾಗಿ ಗ್ರೂಪ್ ಫೋಟೊದಲ್ಲಿ. ಸಪ್ತಪದಿ ಮುಗಿದಿದೆ, ಹೋಮದ ಹೊಗೆಗೆ ಕಣ್ಣು ಕೆಂಪಾಗಿದೆ, ಪಂಕ್ತಿಗೆ ಎಲೆ ಹಾಕುತ್ತಿದ್ದಾರೆ. ಹದಿನೈದು ಗುಂಪು, ಒಂದಕ್ಕೆ ಮೂರು ನಿಮಿಷ ಎಂದರೂ ಮುಕ್ಕಾಲು ಗಂಟೆ. ಯಾರನ್ನು ಯಾವಾಗ ಕರೆಯಬೇಕೆಂಬ ಪಟ್ಟಿ ಮನೆಯವರದೇ ಆಗಿರಬೇಕು. ಕರೆಯಲು ಎರಡೂ ಕಡೆಯವರನ್ನು ಬಲ್ಲ, ದನಿ ಇರುವ ಒಬ್ಬ ಚಿಕ್ಕಪ್ಪನೋ ಅತ್ತಿಗೆಯೋ ಬೇಕು. ಅಜ್ಜ ಅಜ್ಜಿಯರದು ಮೊದಲು. ಅವರಿಗೆ ಮಾತ್ರೆ ನುಂಗಿ ಉಣ್ಣುವ ಹೊತ್ತು. ಆಮೇಲೆ ದೊಡ್ಡ ಗುಂಪು, ಅದರಿಂದಲೇ ಕಳಚುತ್ತಾ ಚಿಕ್ಕದು. ಕೊನೆಗೆ ಒಡಹುಟ್ಟಿದವರು, ಗೆಳೆಯರು. ಗೆಳೆಯರು ಹಸಿದಿದ್ದರೂ ನಗುತ್ತಾರೆ. ಫೋಟೊದವರಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಸಿ. ಅವರು ಉಂಡಿದ್ದರೆ ತಾನೇ ಭೂಮದ ಊಟದಲ್ಲಿ ಗಂಡುಹೆಣ್ಣು ಹೋಳಿಗೆ ತಿನ್ನಿಸಿಕೊಳ್ಳುವುದನ್ನು ನಿರಾಳವಾಗಿ ತೆಗೆಯುವುದು.

ಊಟವಾದ ಮೇಲೆ ಒಳ್ಳೆಯ ಪಟ್ಟಿಯಲ್ಲಿ ಎರಡು ಗಂಟೆ ಖಾಲಿ ಇರುತ್ತದೆ. ನನಗೆ ಅತ್ಯಂತ ಮೆಚ್ಚುಗೆಯಾಗುವುದು ಆ ಖಾಲಿ ಜಾಗ. ಬೆಳಗಿನ ತಡವೆಲ್ಲ ಅಲ್ಲಿ ಕರಗುತ್ತದೆ. ತಡವಾಗದಿದ್ದರೆ ಹುಡುಗಿ ಒಡವೆ ಬಿಚ್ಚಿಟ್ಟು ನಿದ್ದೆ ಮಾಡುತ್ತಾಳೆ. ಆಮೇಲೆ ಹೆಣ್ಣೊಪ್ಪಿಸುವುದು. ಭಾನುವಾರ ರಾಹುಕಾಲ ನಾಲ್ಕೂವರೆಗೆ ಹಿಡಿದು ಆರಕ್ಕೆ ಬಿಡುವುದರಿಂದ ದಿಬ್ಬಣ ಅದಕ್ಕೆ ಮುಂಚೆ ಹೊರಡಲೇಬೇಕು. ಅಳುವಿಗೆ, ತಬ್ಬಿಕೊಳ್ಳುವುದಕ್ಕೆ, ಮತ್ತೆ ಒಳಗೆ ಹೋಗಿ ಮರೆತ ಚೀಲ ತರುವುದಕ್ಕೆ ಅರ್ಧ ಗಂಟೆ ಹೋಗುತ್ತದೆ. ಫೋಟೊಗ್ರಾಫರ್‌ನ ಪಟ್ಟಿಯಲ್ಲಿ 3.45 ಎಂದಿರುತ್ತದೆ. ಹೆಣ್ಣಿನ ಕಡೆಯವರಿಗೆ ಅವರು ಹೇಳಿರುವುದು 3.30.