ರೈನ್ ನದಿಯ ತಲಕಾವೇರಿ: ಶರತ್ಕಾಲದ ಆಲ್ಪ್ಸ್ ದಾರಿಗಳಲ್ಲಿ ಕ್ಯಾಂಪರ್ ಪಯಣ

(ಕನ್ನಡ ಕೂಟದ ಶರತ್ಕಾಲದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ನಾವು ನೆಲೆಸಿರುವ ಈ ನೆದರ್‌ಲೆಂಡ್ಸ್ ದೇಶದ ನಾಲ್ಕನೆಯ ಒಂದು ಭಾಗ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಯುರೋಪಿನ ನೆಲದಲ್ಲಿ ಇದರ ಅತ್ಯಂತ ಎತ್ತರದ ಜಾಗವಾದ ವಾಲ್ಸರ್‌ಬೆರ್ಗ್ ಸುಮಾರು 322 ಮೀಟರ್ ಮಾತ್ರ. ನಮ್ಮ ಮುಳ್ಳಯ್ಯನಗಿರಿಯನ್ನು ಕಂಡವರಿಗೆ ಅದನ್ನು ಬೆಟ್ಟವೆನ್ನಲು ಮನಸ್ಸು ಬಾರದು. ಇಂಥ ಸಮತಟ್ಟು ನೆಲದಲ್ಲಿ ನಿಂತು ಎರಡು ಸಾವಿರ ಮೀಟರ್ ಎತ್ತರದ ದಾರಿಗಳನ್ನು ಕುರಿತು ಮಾತನಾಡಲು ನನ್ನನ್ನು ಪ್ರೇರೇಪಿಸಿದ್ದು ನನ್ನ ತಾಯಿ ಕೇಳಿದ ಒಂದು ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಅವರು ನಮ್ಮಲ್ಲಿಗೆ ಬಂದಿದ್ದರು. ನೈಮೇಖನ್ ನಗರದ ವಾಲ್ ನದಿಯ ದಂಡೆಯಲ್ಲಿ ಕುಳಿತು, ಸರಕು ತುಂಬಿದ ದೋಣಿಗಳು ಒಂದರ ಹಿಂದೊಂದು ಸಾಗುವುದನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಈ ಹೊಳೆಯ ತಲಕಾವೇರಿ ಎಲ್ಲಿದೆಯಪ್ಪಾ?" ಎಂದು ಕೇಳಿದರು. ಈ ದೇಶದಲ್ಲಿ ಇಷ್ಟು ವರ್ಷ ಬಾಳಿಯೂ ನನಗೆ ಥಟ್ಟನೆ ಉತ್ತರ ಹೇಳಲಾಗಲಿಲ್ಲ.

ಉತ್ತರ ಹುಡುಕುವುದು ಕಷ್ಟವೇನಲ್ಲ. ವಾಲ್ ಎಂಬುದು ರೈನ್ ನದಿಯ ಮುಖ್ಯ ಕವಲು. ಲೋಬಿತ್ ಊರಿನ ಬಳಿ ರೈನ್ ಈ ದೇಶವನ್ನು ಪ್ರವೇಶಿಸುತ್ತದೆ. ಅಲ್ಲಿಂದ ಸ್ವಲ್ಪ ಮುಂದೆ, ಪನ್ನರ್ಡನ್ ಬಳಿ ಅದು ಕವಲೊಡೆದಾಗ ನೀರಿನ ಸುಮಾರು ಮೂರನೆಯ ಎರಡು ಪಾಲು ವಾಲ್ ನದಿಗೆ ಸೇರುತ್ತದೆ. ನದಿಯ ಒಟ್ಟು ಉದ್ದ ಸುಮಾರು 1,230 ಕಿಲೋಮೀಟರ್. ದಶಕಗಳ ಕಾಲ ಪುಸ್ತಕಗಳು 1,320 ಎಂದು ಅಚ್ಚು ಹಾಕುತ್ತಿದ್ದವು. ಅದು ಅಂಕಿಗಳು ಅದಲುಬದಲಾದ ಪ್ರಮಾದವಿರಬೇಕೆಂದು 2010ರಲ್ಲಿ ಜರ್ಮನಿಯ ವಿಜ್ಞಾನಿಯೊಬ್ಬರು ತೋರಿಸಿಕೊಟ್ಟರು. ನದಿಯ ಮೂಲವೆಂದು ಪರಂಪರೆಯಿಂದ ಮನ್ನಣೆ ಪಡೆದಿರುವುದು ಸ್ವಿಟ್ಜರ್‌ಲೆಂಡಿನ ಓಬರಾಲ್ಪ್ ಕಣಿವೆದಾರಿಯ ಸಮೀಪ, 2,345 ಮೀಟರ್ ಎತ್ತರದಲ್ಲಿರುವ ತೂಮಾ ಎಂಬ ಪುಟ್ಟ ಸರೋವರ.

ಓಬರಾಲ್ಪ್‌ನ ನೆತ್ತಿಯಲ್ಲಿ, 2,044 ಮೀಟರ್ ಎತ್ತರದಲ್ಲಿ, ಒಂದು ಕೆಂಪು ದೀಪಸ್ತಂಭವಿದೆ. ಸಮುದ್ರವೇ ಇಲ್ಲದ ದೇಶದ ಬೆಟ್ಟದ ತುದಿಯಲ್ಲಿ ದೀಪಸ್ತಂಭವೇಕೆ ಎಂದು ಕೇಳುವಿರಿ. ರೈನ್ ಸಮುದ್ರ ಸೇರುವ ನಮ್ಮ ಹುಕ್ ಫಾನ್ ಹಾಲೆಂಡ್‌ನಲ್ಲಿ ಹಿಂದೆ ನಿಂತಿದ್ದ ದೀಪಸ್ತಂಭದ ಕಿರಿಯ ಪ್ರತಿರೂಪವದು. ಮೂಲಸ್ತಂಭ ಈಗ ರಾಟರ್‌ಡ್ಯಾಮಿನ ಸಾಗರ ವಸ್ತುಸಂಗ್ರಹಾಲಯದ ಬಳಿಯಿದೆ. ನದಿಯ ಬಾಯಿ ಮತ್ತು ತಲೆಯನ್ನು ಹೀಗೆ ಒಂದೇ ಗುರುತಿನಿಂದ ಜೋಡಿಸಿದ್ದಾರೆ.

ನಮ್ಮ ಶಾಲೆಗಳ ಶರತ್ಕಾಲದ ರಜೆ ಬರುವುದು ಅಕ್ಟೋಬರಿನಲ್ಲಿ. ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣವೂ ಅಕ್ಟೋಬರ್ 17ರ ಆಸುಪಾಸಿನಲ್ಲಿಯೇ. ತಾಯಿಯವರನ್ನು ಅದೇ ವಾರ ರೈನ್ ನದಿಯ ಮೂಲಕ್ಕೆ ಕರೆದೊಯ್ಯಬೇಕೆಂದು ನಿಶ್ಚಯಿಸಿದೆವು. ಸೊಂಟನೋವಿನ ಅವರಿಗೆ ಬೇಕಾದಾಗ ಮಲಗಲು ಅನುಕೂಲವಾಗಲಿ, ಅವರ ಅನ್ನ ಸಾರಿನ ವ್ಯವಸ್ಥೆಯೂ ನಮ್ಮ ಕೈಯಲ್ಲಿರಲಿ ಎಂದು ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಒಂದು ಕ್ಯಾಂಪರನ್ನು ಬಾಡಿಗೆಗೆ ತಂದೆವು. ಆ ಪ್ರಯಾಣದಲ್ಲಿ ಕಲಿತದ್ದನ್ನೂ, ಕಲಿಯದೆ ಹೋದದ್ದಕ್ಕಾಗಿ ತೆತ್ತ ಬೆಲೆಯನ್ನೂ ತಮ್ಮ ಮುಂದಿಡುತ್ತೇನೆ.

ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು

ಕಾಡುಮೇಡಿನಲ್ಲಿ ಓಡಬಲ್ಲ ವಾಹನ ಕೈಯಲ್ಲಿದ್ದರೆ ಆಲ್ಪ್ಸ್ ಪರ್ವತದ ಯಾವ ಹುಲ್ಲುಗಾವಲನ್ನಾದರೂ ಏರಬಹುದೆಂಬ ಭ್ರಮೆ ಅನೇಕರಲ್ಲಿದೆ. ವಸ್ತುಸ್ಥಿತಿ ಬೇರೆ. ಸ್ವಿಟ್ಜರ್‌ಲೆಂಡಿನ 1991ರ ಅರಣ್ಯ ಕಾನೂನು ಅರಣ್ಯಕಾರ್ಯಕ್ಕೆ ಹೊರತಾದ ಮೋಟಾರು ವಾಹನಗಳನ್ನು ಕಾಡಿನಿಂದಲೂ ಕಾಡುದಾರಿಗಳಿಂದಲೂ ಸಾಮಾನ್ಯವಾಗಿ ದೂರವಿಡುತ್ತದೆ. ಆಸ್ಟ್ರಿಯಾದ 1975ರ ಅರಣ್ಯ ಕಾನೂನಿನಂತೆ ಕಾಡುದಾರಿಯಲ್ಲಿ ವಾಹನ ಓಡಿಸಲು ಅನುಮತಿ ಪಡೆಯಬೇಕು. ಫ್ರಾನ್ಸಿನಲ್ಲಿಯೂ ಸಾರ್ವಜನಿಕ ದಾರಿಗಳಾಚೆ ವಾಹನ ಓಡಿಸುವುದನ್ನು 1991ರ ಕಾನೂನು ನಿಷೇಧಿಸಿದೆ. ಆದುದರಿಂದ ಪ್ರಾಮಾಣಿಕ ಪ್ರವಾಸಿಗೆ ಉಳಿಯುವುದು ಸಂಚಾರಕ್ಕೆ ತೆರೆದಿರುವ ರಸ್ತೆಗಳು, ಅವುಗಳಲ್ಲಿ ಡಾಂಬರಿಲ್ಲದ ಕೆಲವು.

ಅಂಥವುಗಳಲ್ಲಿ ಹೆಸರಾದದ್ದು ಇಟಲಿಯ ಪಿಯೆಮಾಂಟ್ ಪ್ರಾಂತ್ಯದ ಅಸಿಯೆತ್ತಾ ದಾರಿ. ಸೂಸಾ ಮತ್ತು ಕಿಜೋನೆ ಕಣಿವೆಗಳ ನಡುವಣ ಬೆಟ್ಟದ ಬೆನ್ನಿನ ಮೇಲೆ, ಎರಡು ಸಾವಿರ ಮೀಟರಿಗೂ ಮೇಲೆ, ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ ಮಣ್ಣು ಜಲ್ಲಿಯ ಹಾದಿ ಸಾಗುತ್ತದೆ. 1747ರ ಜುಲೈ 19ರಂದು ಫ್ರೆಂಚ್ ಸೈನ್ಯ ಸೋತ ರಣಭೂಮಿ ಅಲ್ಲಿಯೇ ಇದೆ. ಈ ಭಾಗದ ಎತ್ತರದ ದಾರಿಗಳಲ್ಲಿ ಅನೇಕವು ಸೈನ್ಯ ತನ್ನ ಕೋಟೆಗಳಿಗಾಗಿ ಕಡಿಸಿದವು. ಇಂಥ ದಾರಿಗಳಿಗೂ ತೆರೆಯುವ ಕಾಲ, ಮುಚ್ಚುವ ದಿನ, ತೂಕದ ಮಿತಿ, ಕೆಲವೆಡೆ ಸುಂಕ ಎಲ್ಲವೂ ಉಂಟು. ಕೆಂಪು ಉಂಗುರದ ಬಿಳಿ ಫಲಕ ಕಂಡಲ್ಲಿ ನಿಂತು ಓದಬೇಕು. ರಾತ್ರಿ ವಾಹನ ನಿಲ್ಲಿಸಿ ಮಲಗುವ ವಿಚಾರದಲ್ಲಿಯೂ ಊರಿಗೊಂದು ನಿಯಮವಿರುವುದರಿಂದ ಕಣಿವೆಯ ಕ್ಯಾಂಪಿಂಗ್ ತಾಣವೇ ಸುಖಕರ.

ಶರತ್ಕಾಲದ ಪಂಚಾಂಗ

ಸೆಪ್ಟೆಂಬರಿನಲ್ಲಿ ಮೇಲಿನ ಹುಲ್ಲುಗಾವಲುಗಳಿಂದ ದನಗಳನ್ನು ಹೂವಿನಿಂದ ಅಲಂಕರಿಸಿ, ಕೊರಳಿಗೆ ದೊಡ್ಡ ಗಂಟೆ ಕಟ್ಟಿ ಊರಿಗೆ ಇಳಿಸುತ್ತಾರೆ. ಅಕ್ಟೋಬರಿನಲ್ಲಿ ಲಾರ್ಚ್ ಮರಗಳು ಬಂಗಾರದ ಬಣ್ಣ ತಳೆಯುತ್ತವೆ. ಸೂಜಿಎಲೆಯ ಮರವಾಗಿದ್ದೂ ಚಳಿಗಾಲಕ್ಕೆ ಎಲೆಯುದುರಿಸುವುದು ಇದರ ವೈಶಿಷ್ಟ್ಯ. ಜನಸಂದಣಿ ಇಳಿದಿರುತ್ತದೆ, ಗಾಳಿ ತಿಳಿಯಾಗಿರುತ್ತದೆ.

ಆದರೆ ಈ ಸೊಬಗಿನ ಅವಧಿ ಕಿರಿದು. ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕಣಿವೆಯಲ್ಲಿ ಎಂಟು ಡಿಗ್ರಿಯ ಸಾಧಾರಣ ಮಳೆ ಸುರಿಯುತ್ತಿದ್ದರೆ, ಸಾವಿರದೈನೂರು ಮೀಟರ್ ಮೇಲೆ ಅದೇ ಹಿಮಪಾತ. ಬೆಟ್ಟದ ಒಂದು ಮಗ್ಗುಲಲ್ಲಿ ಮಳೆ, ಇನ್ನೊಂದರಲ್ಲಿ ಬೆಚ್ಚನೆಯ ಒಣಗಾಳಿ ಇರುವುದೂ ಉಂಟು. ಈ ಗಾಳಿಗೆ ಫ್ಯೋನ್ ಎಂದು ಹೆಸರು. ಆಗುಂಬೆಯಲ್ಲಿ ಧಾರಾಕಾರ ಸುರಿದ ಮೋಡ ಘಟ್ಟ ದಾಟಿ ಬಯಲುಸೀಮೆಗೆ ಬರುವಾಗ ಬರಿದಾಗಿರುವುದನ್ನು ಬಲ್ಲ ನಮಗೆ ಇದರ ಮರ್ಮ ಬೇಗ ತಿಳಿಯುತ್ತದೆ.

ಓಬರಾಲ್ಪ್, ಫುರ್ಕಾ, ಸುಸ್ಟೆನ್ ಮೊದಲಾದ ಕಣಿವೆದಾರಿಗಳು ಸಾಮಾನ್ಯವಾಗಿ ಅಕ್ಟೋಬರ್ ಕೊನೆಯಿಂದ ನವೆಂಬರಿನೊಳಗೆ ಮುಚ್ಚಿಹೋಗುತ್ತವೆ. ನಡುವೆ ಹಿಮ ಬಿದ್ದರೆ ಒಂದೆರಡು ದಿನ ಮುಚ್ಚಿ ಮತ್ತೆ ತೆರೆಯುವುದೂ ಉಂಟು. ದಾರಿಯ ಬುಡದಲ್ಲಿರುವ ಫಲಕವನ್ನು ನೋಡದೆ ಏರತೊಡಗಬಾರದು. ಅಕ್ಟೋಬರ್ ಮಧ್ಯದಲ್ಲಿ ಹಗಲು ಹನ್ನೊಂದು ಗಂಟೆಯಷ್ಟೇ. ಇಕ್ಕಟ್ಟಾದ ಕಣಿವೆಗಳಲ್ಲಿ ಸೂರ್ಯ ಇನ್ನೂ ಬೇಗ ಮರೆಯಾಗುತ್ತಾನೆ, ನೆರಳಿನ ತಿರುವುಗಳಲ್ಲಿ ನೀರು ಗಾಜಿನಂತೆ ಹೆಪ್ಪುಗಟ್ಟುತ್ತದೆ. ಮಧ್ಯಾಹ್ನ ಮೂರರೊಳಗೆ ಕೆಳಗಿಳಿದಿರುವುದು ಜಾಣತನ.

ವಾಹನದ ಬಲ ಮತ್ತು ಮಿತಿ

ಬಹುಪಾಲು ಬಾಡಿಗೆ ಕ್ಯಾಂಪರುಗಳ ಅನುಮತಿತ ಒಟ್ಟು ತೂಕ 3,500 ಕಿಲೋಗ್ರಾಂ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಐದು ಜನ, ಹಾಸಿಗೆ, ಅಕ್ಕಿ ಬೇಳೆ, ಸೈಕಲ್ಲುಗಳು ಸೇರಿದರೆ ಮಿತಿ ದಾಟುವುದು ಕಷ್ಟವಲ್ಲ. ಹೊರಡುವ ಮುನ್ನ ತೂಕ ಮಾಡಿಸಬೇಕು.

ಏರುವುದಕ್ಕಿಂತ ಇಳಿಯುವುದೇ ಅಪಾಯಕರ. ಬ್ರೇಕನ್ನು ಸತತವಾಗಿ ಒತ್ತುತ್ತಿದ್ದರೆ ಅದು ಕಾದು, ಬ್ರೇಕ್ ದ್ರವ ಕುದಿದು, ಪೆಡಲು ಮೆತ್ತಗಾಗಿ ಹಿಡಿತ ತಪ್ಪುತ್ತದೆ. ಸುಟ್ಟ ವಾಸನೆ ಬಂದರೆ ಒಡನೆ ನಿಲ್ಲಿಸಿ ಆರಲು ಬಿಡಬೇಕು. ಯಾವ ಗೇರಿನಲ್ಲಿ ಏರುವಿರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬುದು ಹಳೆಯ ಚಾಲಕರ ಮಾತು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ನಮ್ಮ ಬಸ್ ಚಾಲಕರು ಮಾಡುವುದೂ ಅದನ್ನೇ. ಇಕ್ಕಟ್ಟಿನಲ್ಲಿ ಎದುರುಬದುರಾದಾಗ ಏರುವ ವಾಹನಕ್ಕೆ ದಾರಿ ಬಿಡಬೇಕೆಂಬ ಘಾಟಿಯ ಮರ್ಯಾದೆ ಅಲ್ಲಿಯೂ ಉಂಟು. ಹಳದಿ ಬಣ್ಣದ ಅಂಚೆ ಬಸ್ಸು ಬಂದರೆ, ಅಂಚೆ ಕಹಳೆಯ ಗುರುತಿರುವ ರಸ್ತೆಯಲ್ಲಿ ಅದರ ಚಾಲಕ ಹೇಳಿದಂತೆ ನಡೆಯಬೇಕು. ಮೂರು ಸ್ವರಗಳ ಅದರ ಕಹಳೆ ಕೇಳಿದೊಡನೆ ಅಗಲವಾದ ಜಾಗ ನೋಡಿ ನಿಲ್ಲುವುದು ಒಳಿತು.

ಇನ್ನು ನಾಲ್ಕು ಚಕ್ರಗಳ ಚಾಲನೆ. ನನ್ನ ಮಾತಿನಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನು ನೆನಪಿಡಿ: ಅದು ವಾಹನವನ್ನು ಮುಂದಕ್ಕೆ ಒಯ್ಯಲು ನೆರವಾಗುತ್ತದೆ, ನಿಲ್ಲಿಸಲು ನೆರವಾಗುವುದಿಲ್ಲ. ಬ್ರೇಕು ಎಲ್ಲ ವಾಹನಗಳಿಗೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಹಿಮದ ಮೇಲೆ ನಿಲ್ಲಿಸುವುದು ಟೈರು. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರವಿರುವ ಟೈರೇ ನಿಜವಾದ ಚಳಿಗಾಲದ ಟೈರು. ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆ ಇರುವಾಗ ಜರ್ಮನಿಯಲ್ಲಿ ಚಳಿಗಾಲದ ಟೈರು ಕಡ್ಡಾಯ, 2024ರ ಅಕ್ಟೋಬರಿನಿಂದ ಈ ಚಿತ್ರವುಳ್ಳದ್ದನ್ನೇ ಅಲ್ಲಿ ಮಾನ್ಯ ಮಾಡುತ್ತಾರೆ. ಆಸ್ಟ್ರಿಯಾದಲ್ಲಿ ಇಂಥ ನಿಯಮ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ. ಹಿಮ ನಮ್ಮ ರಜೆಯ ದಿನಾಂಕವನ್ನಾಗಲಿ, ಕಾನೂನಿನ ದಿನಾಂಕವನ್ನಾಗಲಿ ನೋಡಿ ಬೀಳುವುದಿಲ್ಲ.

ಅಡುಗೆ ಮತ್ತು ನಿದ್ರೆ

ಎರಡು ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕರಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಮನೆಯ ಪ್ರೆಷರ್ ಕುಕ್ಕರನ್ನು ಮರೆಯದೆ ಒಯ್ಯಿರಿ. ಚಕ್ಕುಲಿಯ ಪೊಟ್ಟಣ ಬಲೂನಿನಂತೆ ಉಬ್ಬಿದರೆ ಮಕ್ಕಳಿಗೆ ವಾಯುಭಾರದ ಪಾಠ ಹೇಳಿಕೊಡಲು ಅದೇ ಸಮಯ. ಅಡುಗೆಯ ಅನಿಲದಲ್ಲಿ ಬ್ಯುಟೇನ್ ಸೊನ್ನೆ ಡಿಗ್ರಿಯ ಸಮೀಪ ಆವಿಯಾಗುವುದನ್ನು ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಆದುದರಿಂದ ಪ್ರೊಪೇನ್ ಸಿಲಿಂಡರೇ ಬೇಕು. ತಗ್ಗಿನಲ್ಲಿ ತುಂಬಿಸಿದ ಬೇಸಿಗೆಯ ಡೀಸೆಲ್ ಕಡುಚಳಿಯಲ್ಲಿ ಮೇಣಗಟ್ಟುವುದರಿಂದ ಬೆಟ್ಟದ ಬುಡದ ಬಂಕಿನಲ್ಲಿ ಮತ್ತೆ ತುಂಬಿಸಿಕೊಳ್ಳುವುದು ಲೇಸು.

ಚಳಿಯೆಂದು ಒಲೆ ಹಚ್ಚಿಟ್ಟು ಮಲಗುವ ಸಾಹಸವನ್ನು ಯಾರೂ ಮಾಡಕೂಡದು. ಮುಚ್ಚಿದ ವಾಹನದಲ್ಲಿ ಕಾರ್ಬನ್ ಮಾನಾಕ್ಸೈಡ್ ಸದ್ದಿಲ್ಲದೆ, ವಾಸನೆಯಿಲ್ಲದೆ ಕೊಲ್ಲುತ್ತದೆ. ಗಾಳಿಯ ಕಿಂಡಿ ತೆರೆದಿರಲಿ, ಎಚ್ಚರಿಕೆಯ ಉಪಕರಣವೊಂದು ಒಳಗಿರಲಿ. ಎರಡೂವರೆ ಸಾವಿರ ಮೀಟರಿಗಿಂತ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ ಕಾಣಿಸಿಕೊಳ್ಳಬಹುದು. ಹಗಲು ಮೇಲೆ ಸುತ್ತಾಡಿ, ರಾತ್ರಿ ಕೆಳಗೆ ಮಲಗುವುದೇ ಅದಕ್ಕೆ ಮದ್ದು.

ಹಿಂದಿರುಗಿದ ಕಥೆ

ಈಗ ನನ್ನ ತಪ್ಪಿಗೆ ಬರುತ್ತೇನೆ. ಎಂಟುನೂರು ಕಿಲೋಮೀಟರಿನ ಆಸುಪಾಸಿನ ದಾರಿಯನ್ನು ಎರಡು ದಿನಗಳಲ್ಲಿ ಕ್ರಮಿಸಿ, ರೋಮಾನ್ಶ್ ಭಾಷೆಯಾಡುವ ಜನರ ಕಣಿವೆಯಲ್ಲಿ ಡಿಸೆಂಟಿಸ್, ಸೆದ್ರೂನ್ ಊರುಗಳನ್ನು ಹಾದು ಮೇಲೇರುತ್ತಿದ್ದೆವು. ದಾರಿ ತೆರೆದಿದೆಯೆಂದು ಫಲಕ ಹೇಳುತ್ತಿತ್ತು. ಬೆಳಿಗ್ಗೆ ಮಳೆಯಾಗಿದ್ದುದು ಸ್ವಲ್ಪ ಹೊತ್ತಿನಲ್ಲಿ ಹಿಮವಾಯಿತು. ನಾಲ್ಕು ಚಕ್ರಗಳ ಚಾಲನೆಯಿದೆಯಲ್ಲಾ ಎಂಬ ಧೈರ್ಯದಿಂದ ಮುಂದುವರಿದೆ. ವಾಹನವೇನೋ ಸಲೀಸಾಗಿ ಏರಿತು. ಒಂದು ತಿರುವಿನಲ್ಲಿ ಎದುರಿನಿಂದ ಕಾರು ಬಂದಾಗ ಬ್ರೇಕು ಒತ್ತಿದೆ. ವಾಹನ ನಿಲ್ಲಲಿಲ್ಲ. ಕಲ್ಲಿನ ತಡೆಗೋಡೆಯ ಕಡೆಗೆ ನಿಧಾನವಾಗಿ ಜಾರುತ್ತಾ ಹೋಗಿ, ಒಂದು ಮಾರಿನಷ್ಟು ಅಂತರ ಉಳಿದಿರುವಾಗ ನಿಂತಿತು. ಹಿಂದಿನ ಸೀಟಿನಲ್ಲಿ ಮಕ್ಕಳು ಅಜ್ಜಿಯ ಕೈಯನ್ನು ಹಿಡಿದುಕೊಂಡಿದ್ದರು.

ಇಳಿದು ನೋಡಿದಾಗ ತಿಳಿಯಿತು, ವಾಹನಕ್ಕಿದ್ದದ್ದು ಬೇಸಿಗೆಯ ಟೈರುಗಳು. ಬಾಡಿಗೆಗೆ ತರುವಾಗ ಹಾಸಿಗೆಯ ಅಳತೆ ನೋಡಿದ್ದೆ, ಒಲೆ ಹಚ್ಚಿ ನೋಡಿದ್ದೆ, ಟೈರನ್ನು ಮಾತ್ರ ನೋಡಿರಲಿಲ್ಲ. ಅಲ್ಲಿಂದ ಕಣಿವೆದಾರಿಯ ನೆತ್ತಿ ಹೆಚ್ಚು ದೂರವಿರಲಿಲ್ಲ. ಹೋಗಿಬಿಡೋಣವೆಂದು ಮನಸ್ಸು ಎಳೆಯಿತು, ಏಕೆಂದರೆ ತಾಯಿಯವರು ಮತ್ತೆ ಬರುವುದು ದುಸ್ತರವೆಂದು ನನಗೆ ಗೊತ್ತಿತ್ತು. "ದೇವರನ್ನು ನೋಡಲು ಹೋಗಿ ಮಕ್ಕಳನ್ನು ಬೀಳಿಸಬೇಡ" ಎಂದು ಅವರೇ ಹೇಳಿದರು. ಅಗಲವಾದ ಜಾಗದವರೆಗೆ ಇಂಚಿಂಚಾಗಿ ಹಿಂದೆ ಸರಿದು, ತಿರುಗಿಸಿಕೊಂಡು, ಮೊದಲನೆಯ ಗೇರಿನಲ್ಲಿ ಕೆಳಗಿಳಿದೆವು. ಸೆದ್ರೂನಿನ ಬಳಿ ಎಳೆಯ ರೈನ್ ನದಿಯಿಂದ ಒಂದು ಲೋಟ ನೀರು ತಂದುಕೊಟ್ಟೆ. ಕಣ್ಣಿಗೊತ್ತಿಕೊಂಡರು. ಆ ಚಳಿಗಾಲದಲ್ಲಿ ಊರಿಗೆ ಮರಳಿದವರು ಮತ್ತೆ ಇಲ್ಲಿಗೆ ಬರಲಾಗಲಿಲ್ಲ.

ಮರುವರ್ಷ, ಸರಿಯಾದ ಟೈರುಗಳೊಡನೆ, ನಿರ್ಮಲವಾದ ಒಂದು ಬೆಳಿಗ್ಗೆ ನಾವು ದೀಪಸ್ತಂಭವನ್ನು ತಲುಪಿದೆವು. ವಾಹನ ಅಲ್ಲಿಗೇ ನಿಲ್ಲಬೇಕು. ತೂಮಾ ಸರೋವರಕ್ಕೆ ಕಾಲುದಾರಿ ಮಾತ್ರ, ಸುಮಾರು ಒಂದೂವರೆ ಗಂಟೆಯ ನಡಿಗೆ. ಸರೋವರದಿಂದ ಹೊರಬೀಳುವ ನೀರನ್ನು ಮಕ್ಕಳು ಒಂದೇ ಹೆಜ್ಜೆಯಲ್ಲಿ ದಾಟಿದರು. ಊರಿಗೆ ದೂರವಾಣಿ ಮಾಡಿದಾಗ ತಾಯಿಯವರು ಕೇಳಿದ್ದು, "ನೀರು ತಣ್ಣಗಿದೆಯೇ?" ಎಂದು ಮಾತ್ರ.

ಬಂಧುಗಳೇ, 1995ರ ಚಳಿಗಾಲದಲ್ಲಿ ನದಿಗಳು ಉಕ್ಕಿದಾಗ ಗೆಲ್ಡರ್‌ಲೆಂಡಿನ ನದೀಪ್ರದೇಶದಿಂದ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾಯಿತು. ಆ ಬಳಿಕ ನೈಮೇಖನ್ ಎದುರಿನ ಲೆಂಟ್‌ನಲ್ಲಿ ಏರಿಯನ್ನೇ ಹಿಂದಕ್ಕೆ ಸರಿಸಿ ನದಿಗೆ ಜಾಗ ಬಿಟ್ಟುಕೊಟ್ಟರು. ಮಕ್ಕಳು ಒಂದು ಹೆಜ್ಜೆಯಲ್ಲಿ ದಾಟಿದ ನೀರು ಇಲ್ಲಿಗೆ ಬರುವಷ್ಟರಲ್ಲಿ ಆ ಪ್ರಮಾಣಕ್ಕೆ ಬೆಳೆದಿರುತ್ತದೆ. ಅದರ ಮೂಲವನ್ನು ಒಮ್ಮೆ ಕಂಡ ಮಕ್ಕಳು ಈ ನೆಲದ ಏರಿ ಕಾಲುವೆಗಳನ್ನು ಪರಕೀಯವೆಂದು ಭಾವಿಸಲಾರರು ಎಂಬುದು ನನ್ನ ಅನುಭವ. ಈ ಶರತ್ಕಾಲದಲ್ಲಿ ತಾವೂ ಹೋಗಿ ಬನ್ನಿ. ಹೊರಡುವ ಮುನ್ನ ಟೈರು ನೋಡಿ, ಏರುವ ಮುನ್ನ ಫಲಕ ನೋಡಿ, ಮನಸ್ಸಿನಲ್ಲಿ ಅನುಮಾನ ಮೂಡಿದರೆ ತಿರುಗಿ ಬನ್ನಿ. ಬೆಟ್ಟ ಮರುವರ್ಷವೂ ಅಲ್ಲಿಯೇ ಇರುತ್ತದೆ.