ಮಳೆಗಾಲದಲ್ಲಿ ಲೆಕ್ಕಕ್ಕೆ ಸಿಗದ ಕಡಲ ಕಸ

ತೇಲುವ ಪ್ಲಾಸ್ಟಿಕ್ ಚೂರು ಹಿಡಿಯುವ ಮಾಂಟಾ ಬಲೆಯ ಬಾಯಿ ಸುಮಾರು 60 ಸೆಂ.ಮೀ. ಅಗಲ, ಬಲೆಯ ಕಣ್ಣು 0.33 ಮಿ.ಮೀ. ದೋಣಿ ಅದನ್ನು 3 ನಾಟ್ ವೇಗದಲ್ಲಿ ಅರ್ಧ ಗಂಟೆ ಎಳೆದರೆ 2.8 ಕಿ.ಮೀ. ಸಾಗುತ್ತದೆ, ಸುಮಾರು 1,670 ಚದರ ಮೀಟರ್ ನೀರಿನ ಮೇಲ್ಮೈ ಬಾಚುತ್ತದೆ. ಒಂದು ಚದರ ಕಿ.ಮೀ. ಬಾಚಲು ಇಂಥ 600 ಎಳೆತ, ಅಂದರೆ 300 ಗಂಟೆ ಬೇಕು. ನಮ್ಮ ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಉದ್ದ. 12 ನಾಟಿಕಲ್ ಮೈಲಿನವರೆಗೆ ಹಿಡಿದರೆ ಕಡಲು ಹೆಚ್ಚುಕಡಿಮೆ 7,000 ಚದರ ಕಿ.ಮೀ. ಒಂದೇ ದೋಣಿ ಹಗಲುರಾತ್ರಿ ಎಳೆದರೂ 240 ವರ್ಷ!

ಆದ್ದರಿಂದ ಎಲ್ಲರೂ ನಂಬುವುದು ಮಾದರಿ ಎಳೆತಗಳನ್ನೇ. ಜಗತ್ತಿನ ಸಾಗರಗಳಲ್ಲಿ 5.25 ಲಕ್ಷ ಕೋಟಿ ಚೂರುಗಳು, 2.69 ಲಕ್ಷ ಟನ್ ಪ್ಲಾಸ್ಟಿಕ್ ತೇಲುತ್ತಿವೆ ಎಂದು ಮಾರ್ಕಸ್ ಎರಿಕ್ಸನ್ ತಂಡ 2014ರಲ್ಲಿ ಅಂದಾಜಿಸಿದ್ದು 680 ಎಳೆತ ಹಾಗೂ 891 ಕಣ್ಣಳತೆಯ ಸಮೀಕ್ಷೆಗಳ ಬಲದಿಂದ.

ಉಪಗ್ರಹಕ್ಕೆ ವಿಸ್ತಾರದ ಕಷ್ಟವಿಲ್ಲ. ಯುರೋಪಿನ ಸೆಂಟಿನೆಲ್-2 ಜೋಡಿ 290 ಕಿ.ಮೀ. ಅಗಲದ ಪಟ್ಟಿಯನ್ನು ಒಮ್ಮೆಗೇ ನೋಡುತ್ತದೆ, 5 ದಿನಕ್ಕೊಮ್ಮೆ ಮರಳುತ್ತದೆ, ಚಿತ್ರಗಳು ಉಚಿತ. ಆರು ವರ್ಷಗಳ ಸುಮಾರು 3 ಲಕ್ಷ ಚಿತ್ರಗಳಿಂದ ಮೆಡಿಟರೇನಿಯನ್‌ನಲ್ಲಿ 14,374 ಕಸದ ಸಾಲುಗಳು ಪತ್ತೆಯಾದವು. 2024ರಲ್ಲಿ ಫಲಿತಾಂಶ ಪ್ರಕಟವಾಯಿತು. ಆದರೆ ಉಪಗ್ರಹ ಚಿತ್ರದ ಒಂದು ಚುಕ್ಕಿ 10 ಮೀಟರ್ ಚೌಕ. ಒಂದು ಲೀಟರಿನ ನೀರಿನ ಬಾಟಲಿ ಅದರಲ್ಲಿ ಐದು ಸಾವಿರದಲ್ಲೊಂದು ಪಾಲು. ಕಸ ಒಟ್ಟುಗೂಡಿದರೆ ಮಾತ್ರ ಕಾಣಿಸುತ್ತದೆ.

ನನ್ನ ಆತಂಕ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕದ ಬಗ್ಗೆ. ಬೇಸಿಗೆಯಿಡೀ ಹಳ್ಳ, ಚರಂಡಿಗಳಲ್ಲಿ ಬಿದ್ದ ಕಸವನ್ನು ನೆರೆ ಅಳಿವೆಗೆ ತಳ್ಳುವುದು ಆಗಲೇ. ಉಪಗ್ರಹಕ್ಕೆ ಮೋಡ ಅಡ್ಡ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಬೋಟುಗಳು ದಕ್ಕೆಯಲ್ಲೇ. ಹಾಗೂ ಹೀಗೂ ಬಲೆ ಇಳಿಸಿದರೂ ಅಬ್ಬರದ ಅಲೆ ಚೂರುಗಳನ್ನು ಕೆಳಕ್ಕೆ ಕಲಕಿಬಿಡುವುದರಿಂದ ಎಣಿಕೆ ಕಡಿಮೆ ಬರುತ್ತದೆ. ಬೇಸಿಗೆಯ ಒಂದು ತಿಂಗಳ ಅಂಕಿಯನ್ನು ಹನ್ನೆರಡರಿಂದ ಗುಣಿಸಿ ವರ್ಷದ ಲೆಕ್ಕ ಎಂದರೆ ಅದು ತಪ್ಪು ಲೆಕ್ಕ.

ಕಡಲಿಗೆ ಇಳಿಯಲಾಗದಿದ್ದರೂ ನದಿ ಹೊತ್ತು ತರುವ ಕಸವನ್ನು ಸೇತುವೆಯಿಂದ ಎಣಿಸಬಹುದು. ಯುರೋಪಿನ 11 ದೇಶಗಳ 42 ನದಿಗಳಲ್ಲಿ ಜನ ನಿಂತು 2.5 ಸೆಂ.ಮೀ.ಗಿಂತ ದೊಡ್ಡ ತೇಲುಕಸ ಎಣಿಸಿದರು. ಅದರಲ್ಲಿ ಶೇಕಡಾ 82 ಪ್ಲಾಸ್ಟಿಕ್. ಕಾಳಿ, ಶರಾವತಿ, ಗುರುಪುರ, ನೇತ್ರಾವತಿ ನಾಲ್ಕನ್ನೂ ಹೆದ್ದಾರಿ 66 ದಾಟುತ್ತದೆ. ಪ್ರತಿ ಸೇತುವೆಯಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ 122 ದಿನಕ್ಕೆ ಒಟ್ಟು 244 ಗಂಟೆ ಸಾಕು. ಇಳಿತದ ಹೊತ್ತಿನಲ್ಲೇ ಎಣಿಸಬೇಕು. ಭರತದಲ್ಲಿ ಅದೇ ಬಾಟಲಿ ಹಿಂದಕ್ಕೆ ಬಂದು ಎರಡು ಸಲ ಲೆಕ್ಕಕ್ಕೆ ಸೇರುತ್ತದೆ.